ಕೀ ತಿರುಗಿದರೂ ಎಂಜಿನ್ ಒಪ್ಪದಿದ್ದಾಗ: ಇಮೊಬಿಲೈಸರ್ ಮತ್ತು ಕೋಡಿಂಗ್ ದೋಷಗಳನ್ನು ಪತ್ತೆಹಚ್ಚುವ ಕ್ರಮ

ಸ್ಟಾರ್ಟರ್ ಚುರುಕಾಗಿ ತಿರುಗುತ್ತದೆ, ಟ್ಯಾಂಕಿನಲ್ಲಿ ಇಂಧನವಿದೆ, ಫ್ಯೂಸುಗಳೆಲ್ಲ ಸರಿಯಿವೆ. ಆದರೂ ಎಂಜಿನ್ ಒಂದೆರಡು ಸೆಕೆಂಡು ಓಡಿ ನಿಂತುಹೋಗುತ್ತದೆ, ಇಲ್ಲವೇ ಹೊತ್ತಿಕೊಳ್ಳುವುದೇ ಇಲ್ಲ. ಮೀಟರ್ ಫಲಕದಲ್ಲಿ ಕೀ ಅಥವಾ ಬೀಗದ ಗುರುತಿನ ದೀಪ ಬಿಡದೆ ಮಿನುಗುತ್ತಿರುತ್ತದೆ. ಇಂಥ ವಾಹನ ವರ್ಕ್‌ಶಾಪಿಗೆ ಬಂದ ಕೂಡಲೇ ಕೇಳಿಬರುವ ಮೊದಲ ತೀರ್ಮಾನ ‘ಇಸಿಎಂ ಹೋಗಿದೆ’, ಅಂದರೆ ಎಂಜಿನ್ನಿನ ನಿಯಂತ್ರಣ ಘಟಕ ಕೆಟ್ಟಿದೆ, ಎಂಬುದು. ನನ್ನ ಅನುಭವದಲ್ಲಿ ಈ ತೀರ್ಮಾನ ನಿಜವಾದದ್ದು ಬಹಳ ಕಡಿಮೆ. ಹೆಚ್ಚಿನ ಸಲ ಇಸಿಎಂ ತನಗೆ ವಹಿಸಿದ ಕೆಲಸವನ್ನೇ ಮಾಡುತ್ತಿರುತ್ತದೆ. ಕೀಯ ಗುರುತು ಖಚಿತವಾಗದ ಕಾರಣ ಇಂಧನ ಸಿಂಪಡಿಸುವ ಇಂಜೆಕ್ಟರುಗಳಿಗೆ ಅನುಮತಿ ಕೊಡದೆ ಕಾದಿರುತ್ತದೆ. ಸರಿಯಾದ ಕೀ ಇಲ್ಲದೆ ಎಂಜಿನ್ ಓಡದಂತೆ ತಡೆಯುವ ಈ ಕಾವಲು ವ್ಯವಸ್ಥೆಯೇ ಇಮೊಬಿಲೈಸರ್. ಆದ್ದರಿಂದ ಯಾವ ಘಟಕ ಕೆಟ್ಟಿದೆ ಎಂದು ಹುಡುಕಲು ಹೊರಡುವ ಮೊದಲು, ಯಾರು ಯಾರನ್ನು ಗುರುತಿಸುತ್ತಿಲ್ಲ ಎಂದು ಕೇಳಿಕೊಳ್ಳಬೇಕು. ಈ ಬರಹದ ಕ್ರಮವೆಲ್ಲ ಆ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಗುರುತಿನ ಸರಪಳಿ

ಕೀಯ ತಲೆಯೊಳಗೆ ಟ್ರಾನ್ಸ್‌ಪಾಂಡರ್ ಎಂಬ ಪುಟ್ಟ ಚಿಪ್ ಇರುತ್ತದೆ. ಅದಕ್ಕೆ ಸ್ವಂತ ಬ್ಯಾಟರಿ ಬೇಕಿಲ್ಲ. ಇಗ್ನಿಷನ್ ಬೀಗದ ಸುತ್ತ ಕೂರಿಸಿದ ಸುರುಳಿ ಆಂಟೆನಾ ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನಲ್ಲಿ, ಕೆಲವು ವಿನ್ಯಾಸಗಳಲ್ಲಿ 134.2 ಕಿಲೋಹರ್ಟ್ಸ್‌ನಲ್ಲಿ, ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಚಿಪ್ ಆ ಕ್ಷೇತ್ರದಿಂದಲೇ ಶಕ್ತಿ ಪಡೆದು ಉತ್ತರಿಸುತ್ತದೆ. ಮೊದಲ ತಲೆಮಾರಿನ ಚಿಪ್‌ಗಳು ಒಂದೇ ಸ್ಥಿರ ಸಂಖ್ಯೆಯನ್ನು ಹೇಳುತ್ತಿದ್ದವು. ನಂತರದವುಗಳಲ್ಲಿ ವಾಹನವು ಪ್ರತಿ ಸಲವೂ ಹೊಸದೊಂದು ಸಂಖ್ಯೆಯನ್ನು ಸವಾಲಾಗಿ ಕಳಿಸುತ್ತದೆ, ಚಿಪ್ ತನ್ನೊಳಗಿನ ರಹಸ್ಯ ಕೀಲಿಯಿಂದ ಲೆಕ್ಕ ಹಾಕಿ ಜವಾಬು ಕೊಡುತ್ತದೆ. ಆ ಕೀಲಿಯ ಉದ್ದ ಮುಖ್ಯ. 40 ಬಿಟ್ ಕೀಲಿಯ ಒಂದು ವ್ಯವಸ್ಥೆಯನ್ನು ಸಂಶೋಧಕರು 2005ರಲ್ಲಿ, 48 ಬಿಟ್‌ನ ಮತ್ತೊಂದನ್ನು 2012ರಲ್ಲಿ ಭೇದಿಸಿ ತೋರಿಸಿದರು. ಈಗಿನ ಹಲವು ಕೀಗಳಲ್ಲಿ 128 ಬಿಟ್‌ನ ಎಇಎಸ್ ಎಂಬ ಗೂಢಲಿಪಿ ವಿಧಾನವಿದೆ. ದೋಷ ಹುಡುಕುವವರಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟೇ: ಹೊರಗಿನಿಂದ ಒಂದೇ ರೀತಿ ಕಾಣುವ ಎರಡು ಕೀಗಳ ಒಳಗೆ ಬೇರೆ ಬೇರೆ ತಲೆಮಾರಿನ ಚಿಪ್ ಇರಬಹುದು, ಮತ್ತು ತಪ್ಪು ತಲೆಮಾರಿನದನ್ನು ಎಷ್ಟು ಸಲ ಕಲಿಸಿದರೂ ವಾಹನ ಅದನ್ನು ಒಪ್ಪುವುದಿಲ್ಲ.

ಕೀ ಒಪ್ಪಿಗೆಯಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದನ್ನು ಪರೀಕ್ಷಿಸಿದ ಇಮೊಬಿಲೈಸರ್ ಘಟಕ, ಅದು ಪ್ರತ್ಯೇಕ ಪೆಟ್ಟಿಗೆಯಾಗಿರಬಹುದು ಅಥವಾ ಬಿಸಿಎಂ (ಬಾಗಿಲು, ದೀಪಗಳಂಥವನ್ನು ನಡೆಸುವ ಬಾಡಿ ನಿಯಂತ್ರಣ ಘಟಕ) ಇಲ್ಲವೇ ಮೀಟರ್ ಫಲಕದೊಳಗೇ ಇರಬಹುದು, ಈಗ ಇಸಿಎಂ ಎದುರು ತನ್ನನ್ನು ತಾನು ಸಾಬೀತುಪಡಿಸಬೇಕು. ಇಬ್ಬರ ನಡುವೆಯೂ ಒಂದು ಹಂಚಿಕೊಂಡ ರಹಸ್ಯವಿರುತ್ತದೆ. ಹಳೆಯ ವಾಹನಗಳಲ್ಲಿ ಒಂಟಿ ತಂತಿಯ ಮೂಲಕ, ಈಗಿನವುಗಳಲ್ಲಿ ಕ್ಯಾನ್ ಬಸ್ಸಿನ, ಅಂದರೆ ಘಟಕಗಳೆಲ್ಲ ಹಂಚಿಕೊಳ್ಳುವ ಜೋಡಿ ತಂತಿಯ ಜಾಲದ, ಮೂಲಕ ಈ ಮಾತುಕತೆ ನಡೆಯುತ್ತದೆ. ಕೆಲವು ವಾಹನಗಳಲ್ಲಿ ಸ್ಟಿಯರಿಂಗ್ ಬೀಗ, ಗೇರ್‌ಬಾಕ್ಸ್ ಘಟಕಗಳೂ ಇದೇ ಸರಪಳಿಯ ಕೊಂಡಿಗಳು. ಯುರೋಪಿನಲ್ಲಿ 1998ರಿಂದ, ಆಸ್ಟ್ರೇಲಿಯಾದಲ್ಲಿ 2001ರಿಂದ, ಕೆನಡಾದಲ್ಲಿ 2007ರಿಂದ ಹೊಸ ಕಾರುಗಳಿಗೆ ಇಮೊಬಿಲೈಸರ್ ಕಡ್ಡಾಯವಾಗಿರುವುದರಿಂದ, ಇಪ್ಪತ್ತು ವರ್ಷ ಹಳೆಯ ವಾಹನದಲ್ಲಿ ಇಂಥ ಸರಪಳಿ ಇರಲಾರದು ಎಂದು ಊಹಿಸಬಾರದು.

ಘಟಕದ ನೆನಪಿನಲ್ಲಿ ಇರುವುದೇನು

ಒಂದು ನಿಯಂತ್ರಣ ಘಟಕದೊಳಗೆ ಬೇರೆ ಬೇರೆ ಜಾತಿಯ ಮಾಹಿತಿ ಇರುತ್ತದೆ, ಮತ್ತು ಇವುಗಳನ್ನು ಒಂದೇ ಎಂದು ಬಗೆಯುವುದರಿಂದಲೇ ಅರ್ಧಕ್ಕರ್ಧ ಗೊಂದಲ ಹುಟ್ಟುತ್ತದೆ. ಘಟಕವನ್ನು ನಡೆಸುವ ತಂತ್ರಾಂಶ ಮತ್ತು ಎಂಜಿನ್ನಿಗೆ ತಕ್ಕ ಕ್ಯಾಲಿಬ್ರೇಷನ್ ಒಂದು ಕಡೆ. ಇವನ್ನು ಬದಲಿಸುವುದು ಪ್ರೋಗ್ರಾಮಿಂಗ್. ಈ ವಾಹನದಲ್ಲಿ ಯಾವ ಸಲಕರಣೆ ಇದೆ, ಚಕ್ರದ ಅಳತೆ ಎಷ್ಟು, ಗೇರ್‌ಬಾಕ್ಸ್ ಯಾವುದು ಎಂಬ ಆಯ್ಕೆಗಳು ಇನ್ನೊಂದು ಕಡೆ. ಇವನ್ನು ಬರೆಯುವುದು ಕೋಡಿಂಗ್. ವಾಹನದ ಗುರುತಿನ ಸಂಖ್ಯೆ, ಅಂದರೆ 17 ಅಕ್ಷರಗಳ ವಿಐಎನ್, ಹಲವು ಘಟಕಗಳಲ್ಲಿ ಪ್ರತ್ಯೇಕವಾಗಿ ದಾಖಲಾಗಿರುತ್ತದೆ. ಇಮೊಬಿಲೈಸರ್ ರಹಸ್ಯ ಇವೆಲ್ಲಕ್ಕಿಂತ ಬೇರೆ. ಅದನ್ನು ಸಾಮಾನ್ಯ ಸ್ಕ್ಯಾನರ್, ಅಂದರೆ ವಾಹನದ ಸಾಕೆಟ್ಟಿಗೆ ಜೋಡಿಸಿ ಘಟಕಗಳೊಂದಿಗೆ ಮಾತಾಡುವ ಉಪಕರಣ, ಓದಲಾರದು, ಹೊಂದಾಣಿಕೆಯ ಕ್ರಮದ ಮೂಲಕ ಒಂದು ಘಟಕದಿಂದ ಇನ್ನೊಂದಕ್ಕೆ ಕಲಿಸಬಹುದು ಅಷ್ಟೇ. ಕೋಡಿಂಗ್ ತಪ್ಪಾದರೆ ಸಾಮಾನ್ಯವಾಗಿ ವಾಹನ ಓಡುತ್ತದೆ, ಆದರೆ ಯಾವುದೋ ಸಲಕರಣೆ ಮುನಿಸಿಕೊಳ್ಳುತ್ತದೆ. ರಹಸ್ಯ ಹೊಂದದಿದ್ದರೆ ಉಳಿದೆಲ್ಲ ಸರಿಯಿದ್ದರೂ ವಾಹನ ಓಡುವುದಿಲ್ಲ.

ಬ್ಯಾಟರಿ ಕಳಚಿದ್ದರಿಂದ ಕೋಡಿಂಗ್ ಅಳಿಸಿಹೋಯಿತು ಎಂಬ ದೂರು ಆಗಾಗ ಬರುತ್ತದೆ. ಕೋಡಿಂಗ್, ವಿಐಎನ್, ರಹಸ್ಯ ಮೂರೂ ವಿದ್ಯುತ್ ಇಲ್ಲದಿದ್ದರೂ ಉಳಿಯುವ ಮೆಮೊರಿಯಲ್ಲಿ ಇರುತ್ತವೆ. ಬ್ಯಾಟರಿ ಕಳಚಿದಾಗ ಹೋಗುವುದು ಕಿಟಕಿ ಗಾಜಿನ ಮಿತಿ, ಐಡಲ್ ಹೊಂದಾಣಿಕೆಯಂಥ ಕಲಿಕೆಗಳು. ನಿಜವಾದ ಅಪಾಯ ಇರುವುದು ಬರೆಯುತ್ತಿರುವಾಗಲೇ ವೋಲ್ಟೇಜ್ ಕುಸಿಯುವುದರಲ್ಲಿ.

ಸ್ಕ್ಯಾನರ್ ಹಚ್ಚುವ ಮೊದಲು

ಲಕ್ಷಣವನ್ನು ಸರಿಯಾಗಿ ವಿಂಗಡಿಸಿಕೊಂಡರೆ ಅರ್ಧ ದಾರಿ ಸವೆದಂತೆ. ಎಂಜಿನ್ ಹೊತ್ತಿಕೊಂಡು ಕೂಡಲೇ ಆರಿದರೆ, ಇಸಿಎಂ ಜೀವಂತವಾಗಿದೆ, ಇಂಧನ ಮತ್ತು ಕಿಡಿ ಎರಡೂ ಬಂದಿದ್ದವು, ಆಮೇಲೆ ಅನುಮತಿ ಹಿಂತೆಗೆದುಕೊಳ್ಳಲಾಯಿತು ಎಂದು ಅರ್ಥಮಾಡಿಕೊಳ್ಳಬಹುದು. ಇದು ಇಮೊಬಿಲೈಸರ್‌ನ ಬಹು ಪರಿಚಿತ ಸಹಿ. ಸ್ಟಾರ್ಟರ್ ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ ಇಮೊಬಿಲೈಸರ್ ಕಾರಣವಿರಬಹುದು, ಇಂಧನ ಪಂಪ್ ಅಥವಾ ಕ್ರ್ಯಾಂಕ್ ಸೆನ್ಸರ್ ಕೂಡ ಇರಬಹುದು. ಸ್ಟಾರ್ಟರೇ ತಿರುಗದಿದ್ದರೆ ಮೊದಲು ಬ್ಯಾಟರಿ, ಕ್ಲಚ್ ಅಥವಾ ಬ್ರೇಕ್ ಸ್ವಿಚ್, ಗೇರ್ ಸ್ಥಾನದ ಸ್ವಿಚ್ ನೋಡಿ, ಆಮೇಲೆ ಸ್ಟಾರ್ಟರ್ ರಿಲೇಯನ್ನು ತಡೆಹಿಡಿಯುವ ವಿನ್ಯಾಸವೇ ಎಂದು ವೈರಿಂಗ್ ನಕ್ಷೆಯಲ್ಲಿ ಪರಿಶೀಲಿಸಿ. ಇಗ್ನಿಷನ್ ಹಾಕಿದಾಗ ಭದ್ರತಾ ದೀಪ ಕೆಲವು ಸೆಕೆಂಡು ಹೊತ್ತಿ ಆರಿದರೆ ಬಹುತೇಕ ವಾಹನಗಳಲ್ಲಿ ಕೀ ಒಪ್ಪಿಗೆಯಾಗಿದೆ ಎಂದರ್ಥ. ಮಿನುಗುತ್ತಲೇ ಇದ್ದರೆ ಒಪ್ಪಿಗೆಯಾಗಿಲ್ಲ.

ಎರಡನೆಯ ಕೀ ತರಿಸಿ ಪ್ರಯತ್ನಿಸಿ. ಇದಕ್ಕಿಂತ ಸುಲಭವಾದ ಮತ್ತು ಇದಕ್ಕಿಂತ ಹೆಚ್ಚು ಹೇಳುವ ಪರೀಕ್ಷೆ ಇನ್ನೊಂದಿಲ್ಲ. ಎರಡನೆಯದರಿಂದ ಸ್ಟಾರ್ಟ್ ಆದರೆ ಸುರುಳಿ, ವೈರಿಂಗ್, ಘಟಕಗಳೆಲ್ಲ ದೋಷಮುಕ್ತ. ಉಳಿಯುವುದು ಮೊದಲ ಕೀ ಮಾತ್ರ. ಪರೀಕ್ಷಿಸುವಾಗ ಒಂದೇ ಗೊಂಚಲಿನಲ್ಲಿ ಇನ್ನೊಂದು ವಾಹನದ ಚಿಪ್ ಕೀ ಇರದಂತೆ ನೋಡಿಕೊಳ್ಳಿ, ಏಕೆಂದರೆ ಒಂದೇ ಕ್ಷೇತ್ರದಲ್ಲಿ ಎರಡು ಚಿಪ್‌ಗಳು ಒಟ್ಟಿಗೆ ಮಾತಾಡಿದರೆ ಓದುಗ ಸುರುಳಿಗೆ ಯಾವುದೂ ಸ್ಪಷ್ಟವಾಗಿ ಕೇಳಿಸುವುದಿಲ್ಲ.

ರಿಮೋಟ್ ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ, ಹಾಗಾಗಿ ಕೀ ಸರಿಯಿದೆ ಎಂಬ ವಾದವನ್ನು ಒಪ್ಪಬೇಡಿ. ಬಾಗಿಲಿನ ರಿಮೋಟ್ ಬೇರೆಯೇ ಆವರ್ತನದಲ್ಲಿ, ಸ್ವಂತ ಬ್ಯಾಟರಿಯಿಂದ ಕೆಲಸ ಮಾಡುತ್ತದೆ; ಇಮೊಬಿಲೈಸರ್ ಚಿಪ್ ಹಲವು ಕೀಗಳಲ್ಲಿ ಅದರ ಪಕ್ಕದಲ್ಲಿ ಪ್ರತ್ಯೇಕವಾಗಿ ಕೂತಿರುವ ತುಣುಕು. ಒಮ್ಮೆ ನನ್ನ ಬಳಿ ಬಂದ ಕಾರಿನಲ್ಲಿ ಬಾಗಿಲುಗಳು ದೂರದಿಂದಲೇ ತೆರೆಯುತ್ತಿದ್ದವು, ಎಂಜಿನ್ ಮಾತ್ರ ಎರಡು ಸೆಕೆಂಡಿನಲ್ಲಿ ಆರುತ್ತಿತ್ತು, ಮತ್ತು ಅದಾಗಲೇ ಬೇರೊಂದು ಕಡೆ ಇಸಿಎಂ ಬದಲಿಸುವ ಸಲಹೆ ಸಿಕ್ಕಿತ್ತು. ಕೀಯ ಹೊರಕವಚ ಹೊಸದಾಗಿ ಹೊಳೆಯುತ್ತಿದ್ದುದನ್ನು ಕಂಡು ಬಿಚ್ಚಿದಾಗ, ಸರ್ಕ್ಯೂಟ್ ಹಲಗೆಯನ್ನು ಹೊಸ ಕವಚಕ್ಕೆ ವರ್ಗಾಯಿಸಿದವರು ಚಿಪ್ಪನ್ನು ಹಳೆಯ ಕವಚದ ಮೂಲೆಯಲ್ಲೇ ಬಿಟ್ಟಿದ್ದರು ಎಂಬುದು ತಿಳಿಯಿತು. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಆ ತುಣುಕು ಮಾಲೀಕರ ಮನೆಯ ಡ್ರಾಯರಿನಲ್ಲಿತ್ತು.

ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ವಾಹನಗಳಲ್ಲಿ ವಾಹನದೊಳಗಿನ ಆಂಟೆನಾಗಳು ಕಡಿಮೆ ಆವರ್ತನದಲ್ಲಿ ಕೀಯನ್ನು ಎಬ್ಬಿಸುತ್ತವೆ, ಕೀ 315 ಅಥವಾ 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಉತ್ತರಿಸುತ್ತದೆ. ಕೀಯೊಳಗಿನ 3 ವೋಲ್ಟಿನ ನಾಣ್ಯ ಬ್ಯಾಟರಿ ಸೋತರೆ ಈ ಉತ್ತರ ಬರುವುದಿಲ್ಲ. ಆಗ ಕೀಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಅಥವಾ ತಯಾರಕರು ಗೊತ್ತುಮಾಡಿದ ಜಾಗದಲ್ಲಿಟ್ಟು ಪ್ರಯತ್ನಿಸಿದರೆ, ಬ್ಯಾಟರಿ ಬೇಡದ ಹಳೆಯ ಟ್ರಾನ್ಸ್‌ಪಾಂಡರ್ ದಾರಿಯೇ ಕೆಲಸಕ್ಕೆ ಬರುತ್ತದೆ. ಹೀಗೆ ಸ್ಟಾರ್ಟ್ ಆಯಿತೆಂದರೆ ಇಸಿಎಂವರೆಗಿನ ಸರಪಳಿ ಪೂರ್ತಿ ಸರಿಯಿದೆ. ದೋಷವನ್ನು ಕೀ ಬ್ಯಾಟರಿ, ಆಂಟೆನಾಗಳು ಮತ್ತು ರೇಡಿಯೋ ಗದ್ದಲದಲ್ಲಿ ಮಾತ್ರ ಹುಡುಕಿ.

ವೋಲ್ಟೇಜ್ ಮತ್ತು ತಂತಿ

ವಿಶ್ರಾಂತಿಯಲ್ಲಿರುವ ಪೂರ್ಣ ಚಾರ್ಜಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸ್ಟಾರ್ಟರ್ ತಿರುಗುವಾಗ ಅದು 9.6ಕ್ಕಿಂತ ಕೆಳಗಿಳಿದರೆ ಮುಂದಿನ ಪರೀಕ್ಷೆಗಳನ್ನು ನಿಲ್ಲಿಸಿ ಮೊದಲು ಬ್ಯಾಟರಿಯನ್ನು ಸರಿಪಡಿಸಿ. ಕಡಿಮೆ ವೋಲ್ಟೇಜಿನಲ್ಲಿ ಘಟಕಗಳು ಮರುಪ್ರಾರಂಭವಾಗುತ್ತವೆ, ಮಾತುಕತೆ ಮಧ್ಯದಲ್ಲೇ ಕಡಿಯುತ್ತದೆ, ಮತ್ತು ಸಂಬಂಧವೇ ಇಲ್ಲದ ಹತ್ತಾರು ದೋಷ ಕೋಡ್‌ಗಳು ದಾಖಲಾಗುತ್ತವೆ. ಅರ್ಥಿಂಗ್ ಪರೀಕ್ಷೆಯನ್ನು ರೋಧ ಅಳೆದು ಮುಗಿಸಬೇಡಿ. ಹೊರೆ ಇರುವಾಗ ಘಟಕದ ಗ್ರೌಂಡ್ ಪಿನ್ ಮತ್ತು ಬ್ಯಾಟರಿಯ ಋಣ ತುದಿಯ ನಡುವೆ ವೋಲ್ಟೇಜ್ ಅಳೆಯಿರಿ. ಅದು 0.1 ವೋಲ್ಟಿನೊಳಗೆ ಇದ್ದರೆ ನೆಮ್ಮದಿ.

ಕ್ಯಾನ್ ಬಸ್ಸನ್ನು ಪರೀಕ್ಷಿಸಲು ಬ್ಯಾಟರಿ ಕಳಚಿ, ಡಯಾಗ್ನೋಸ್ಟಿಕ್ ಸಾಕೆಟ್ಟಿನ 6 ಮತ್ತು 14ನೇ ಪಿನ್‌ಗಳ ನಡುವಿನ ರೋಧ ನೋಡಿ. ಎರಡು ತುದಿಗಳಲ್ಲೂ ತಲಾ 120 ಓಮ್ ಇರುವುದರಿಂದ ಒಟ್ಟು 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ತಂತಿಗಳು ಒಂದಕ್ಕೊಂದು ತಾಗಿವೆ. ಆದರೆ ಬೇರೆ ಬೇರೆ ಬಸ್ಸುಗಳ ನಡುವೆ ಸಂದೇಶ ದಾಟಿಸುವ ಗೇಟ್‌ವೇ ಘಟಕವಿರುವ ವಾಹನಗಳಲ್ಲಿ ಸಾಕೆಟ್ಟಿನಿಂದ ಕಾಣುವುದು ಗೇಟ್‌ವೇವರೆಗಿನ ತುಂಡು ಮಾತ್ರ. ಅಲ್ಲಿ 60 ಓಮ್ ಕಂಡಿತೆಂದು ಎಂಜಿನ್ ಬಸ್ಸಿಗೆ ಶುದ್ಧತೆಯ ಪತ್ರ ಕೊಡಬೇಡಿ.

ಕೋಡ್‌ಗಳು ಹೇಳುವ ವ್ಯತ್ಯಾಸ

ಸ್ಕ್ಯಾನರಿನಿಂದ ಕೇವಲ ಎಂಜಿನ್ ಘಟಕವನ್ನಲ್ಲ, ಎಲ್ಲ ಘಟಕಗಳನ್ನೂ ಓದಿ, ಏನನ್ನೂ ಅಳಿಸುವ ಮೊದಲು ವರದಿಯನ್ನು ಉಳಿಸಿಕೊಳ್ಳಿ. ಉತ್ತರಿಸದ ಘಟಕದ ಮೌನವೂ ಒಂದು ಮಾಹಿತಿಯೇ.

ಯು 0167 ಎಂದರೆ ಇಮೊಬಿಲೈಸರ್ ಘಟಕದ ಸಂಪರ್ಕವೇ ತಪ್ಪಿದೆ. ಅದರ ಫ್ಯೂಸ್, ಗ್ರೌಂಡ್, ಬಸ್ ತಂತಿ ನೋಡಿ, ಕೀ ಪ್ರೋಗ್ರಾಮಿಂಗ್ ಕಡೆಗೆ ಸುಳಿಯಲೇಬೇಡಿ. ಯು 0426 ಎಂದರೆ ಅದರ ಮಾತು ಕೇಳಿಸುತ್ತಿದೆ, ಆದರೆ ಮಾಹಿತಿ ಸಿಂಧುವಲ್ಲ. ಇಲ್ಲಿ ತಂತಿಗಳು ಬಹುತೇಕ ಸರಿಯಿದ್ದು, ರಹಸ್ಯ ಹೊಂದುತ್ತಿಲ್ಲವೇ, ಘಟಕ ಬದಲಾಗಿದೆಯೇ ಎಂದು ವಿಚಾರಿಸಬೇಕು. ಪಿ 0513 ಎಂದರೆ ಕೀ ತಪ್ಪು; ಅಂದರೆ ಕೀಯಿಂದ ಏನೋ ಓದಲಾಗಿದೆ, ಅದು ಪಟ್ಟಿಯಲ್ಲಿಲ್ಲ. ಪಿ 0633 ಎಂದರೆ ಇಸಿಎಂಗೆ ಕೀ ಮಾಹಿತಿಯನ್ನು ಕಲಿಸಿಯೇ ಇಲ್ಲ, ಹೊಸ ಇಸಿಎಂ ಕೂರಿಸಿ ಹೊಂದಾಣಿಕೆ ಮರೆತಾಗ ಇದು ಸಹಜ. ಈ ನಾಲ್ಕನ್ನೂ ‘ಇಮೊಬಿಲೈಸರ್ ಪ್ರಾಬ್ಲಂ’ ಎಂಬ ಒಂದೇ ಚೀಟಿಯಡಿ ಸೇರಿಸಿದರೆ ಸ್ಕ್ಯಾನರ್ ಕೈಯಲ್ಲಿದ್ದೂ ಕತ್ತಲಲ್ಲಿ ತಡಕಾಡಿದಂತಾಗುತ್ತದೆ. ಒಂದರಲ್ಲಿ ಕಿವಿ ಕೇಳಿಸುತ್ತಿಲ್ಲ, ಇನ್ನೊಂದರಲ್ಲಿ ನಂಬಿಕೆಯಿಲ್ಲ, ಮತ್ತೊಂದರಲ್ಲಿ ಬಂದವನು ಅಪರಿಚಿತ, ಕೊನೆಯದರಲ್ಲಿ ಪರಿಚಯವೇ ಮಾಡಿಸಿಲ್ಲ.

ಕಾನ್ಫಿಗರೇಷನ್ ಕಡೆಯ ಕೋಡ್‌ಗಳು ಬೇರೆ. ಪಿ 0630 ವಿಐಎನ್ ಬರೆದಿಲ್ಲ ಅಥವಾ ಹೊಂದುವುದಿಲ್ಲ ಎನ್ನುತ್ತದೆ. ಪಿ 0610 ವಾಹನದ ಆಯ್ಕೆಗಳ ದಾಖಲೆಯಲ್ಲಿ ದೋಷವಿದೆ ಎನ್ನುತ್ತದೆ. ಪಿ 0602 ಪ್ರೋಗ್ರಾಮಿಂಗ್‌ನಲ್ಲಿ ದೋಷವಿದೆ ಎಂಬುದನ್ನು, ಪಿ 0601 ಮೆಮೊರಿಯ ಚೆಕ್‌ಸಮ್, ಅಂದರೆ ಮಾಹಿತಿ ಕೆಟ್ಟಿಲ್ಲವೆಂದು ತಾಳೆ ನೋಡುವ ಮೊತ್ತ, ತಪ್ಪಿದೆ ಎಂಬುದನ್ನು ಸೂಚಿಸುತ್ತದೆ. ಈ ಕೊನೆಯ ಕೋಡ್ ಸ್ಥಿರ ವೋಲ್ಟೇಜಿನಲ್ಲೂ, ಮತ್ತೆ ಪ್ರೋಗ್ರಾಂ ಮಾಡಿದ ಮೇಲೂ ಮರಳಿ ಬಂದರೆ ಮಾತ್ರ ಇಸಿಎಂ ಮೇಲಿನ ಅನುಮಾನಕ್ಕೆ ನಿಜವಾದ ಆಧಾರ ಸಿಗುತ್ತದೆ.

ಕೋಡ್‌ಗಳ ಜೊತೆಗೆ ಲೈವ್ ಡೇಟಾ, ಅಂದರೆ ಘಟಕಗಳು ಆ ಕ್ಷಣಕ್ಕೆ ಹೇಳುವ ಮಾಹಿತಿ, ನೋಡಿ: ಕೀ ಗುರುತಿಸಲಾಗಿದೆಯೇ, ಎಷ್ಟು ಕೀಗಳು ಕಲಿತಿವೆ, ಇಸಿಎಂನಲ್ಲಿ ಸ್ಟಾರ್ಟ್ ಅನುಮತಿ ಇದೆಯೇ. ಬಿಸಿಎಂ ‘ಕೀ ಸರಿ’ ಎನ್ನುತ್ತಿದ್ದು ಇಸಿಎಂ ‘ಅನುಮತಿ ಇಲ್ಲ’ ಎನ್ನುತ್ತಿದ್ದರೆ, ಮುರಿದ ಕೊಂಡಿ ಅವರಿಬ್ಬರ ನಡುವೆ ಇದೆ. ಕೀಯನ್ನು ಮತ್ತೆ ಮತ್ತೆ ಕಲಿಸುವುದು ವ್ಯರ್ಥ. ಬಿಸಿಎಂ ‘ಕೀ ಇಲ್ಲ’ ಎಂದರೆ ಸುರುಳಿಯ ಕನೆಕ್ಟರ್ ಕಳಚಿ ಅದು ತುಂಡಾಗಿಲ್ಲವೇ ಎಂದು ಅಳೆಯಿರಿ, ಬೀಗದ ಹತ್ತಿರದಲ್ಲಿ ಸಿಕ್ಕಿಸಿರುವ ಮೊಬೈಲ್ ಚಾರ್ಜರ್ ತೆಗೆದು ನೋಡಿ. ದೋಷ ಬಂದು ಹೋಗುವಂಥದ್ದಾದರೆ ಫಲಕದೊಳಗಿನ ಬಿರುಕುಬಿಟ್ಟ ಬೆಸುಗೆ, ನೀರು ಸೋರಿ ಹಸಿರುಗಟ್ಟಿದ ಬಿಸಿಎಂ ಪಿನ್, ಹೊರಗಿನಿಂದ ಕೂರಿಸಿದ ಅಲಾರಂಗಾಗಿ ಕತ್ತರಿಸಿ ಜೋಡಿಸಿದ ತಂತಿ, ಈ ಮೂರನ್ನು ಮೊದಲು ಶಂಕಿಸಿ. ಲೈವ್ ಡೇಟಾ ತೆರೆದಿಟ್ಟು ತಂತಿಗೊಂಚಲನ್ನು ಮೆಲ್ಲಗೆ ಅಲುಗಿಸುತ್ತಾ ಹೋದರೆ ಎಲ್ಲಿ ‘ಕೀ ಸರಿ’ ಎಂಬುದು ತಪ್ಪುತ್ತದೆಯೋ ಅಲ್ಲಿ ಕೈ ನಿಲ್ಲಿಸಬೇಕು.

ಘಟಕ ಬದಲಾಯಿಸಿದ ವಾಹನ

ಹಿಂದೆ ಯಾರಾದರೂ ಘಟಕ ಬದಲಿಸಿದ್ದಾರೆಯೇ ಎಂದು ಮಾಲೀಕರನ್ನು ಕೇಳಿ. ಉತ್ತರ ಏನೇ ಬಂದರೂ ಪ್ರತಿ ಘಟಕದಿಂದ ವಿಐಎನ್ ಓದಿ ಹೋಲಿಸಿ. ಸ್ಕ್ಯಾನರ್ ಮತ್ತು ಘಟಕಗಳ ಮಾತುಕತೆಗೆ ಐಎಸ್‌ಒ 14229, ಅಂದರೆ ಯುಡಿಎಸ್ ಎಂಬ ಮಾನದಂಡ ಬಳಸುವ ವಾಹನಗಳಲ್ಲಿ ಇದು ಎಫ್190 ಎಂಬ ಗುರುತಿನಡಿ ಸಿಗುತ್ತದೆ. ಒಂದೇ ಒಂದು ಘಟಕ ಬೇರೆ ಸಂಖ್ಯೆ ಹೇಳಿದರೆ ಅದು ಬೇರೆ ವಾಹನದಿಂದ ಬಂದದ್ದು, ಮತ್ತು ಅದರ ರಹಸ್ಯವೂ ಬೇರೆ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಒತ್ತಿ ಹೇಳಬೇಕು. ಬಿಸಿಎಂ ಮತ್ತು ಇಸಿಎಂ ಎರಡನ್ನೂ ಒಟ್ಟಿಗೆ ಎಂದೂ ಬದಲಿಸಬೇಡಿ. ಹೊಸ ಘಟಕ ರಹಸ್ಯವನ್ನು ಕಲಿಯುವುದು ಹಲವು ವಿನ್ಯಾಸಗಳಲ್ಲಿ ಉಳಿದಿರುವ ಹಳೆಯ ಘಟಕದಿಂದಲೇ. ಇಬ್ಬರೂ ಹೊಸಬರಾದರೆ ಕಲಿಸುವವರೇ ಇರುವುದಿಲ್ಲ, ಆಗ ತಯಾರಕರ ದತ್ತಾಂಶವಿಲ್ಲದೆ ವಾಹನ ಏಳುವುದಿಲ್ಲ. ಎರಡನೆಯದಾಗಿ, ಪರೀಕ್ಷೆಗೆಂದು ಹೊಚ್ಚಹೊಸ ಘಟಕವನ್ನು ಸುಮ್ಮನೆ ಜೋಡಿಸಿ ಇಗ್ನಿಷನ್ ಹಾಕಬೇಡಿ. ಕೆಲವು ಘಟಕಗಳು ಮೊದಲ ಸಲ ಎಚ್ಚರವಾದಾಗಲೇ ಆ ವಾಹನಕ್ಕೆ ತಮ್ಮನ್ನು ಕಟ್ಟಿಹಾಕಿಕೊಳ್ಳುತ್ತವೆ; ಆಮೇಲೆ ಅದನ್ನು ಬೇರೆ ವಾಹನಕ್ಕೆ ಹಾಕುವಂತಿಲ್ಲ, ಅಂಗಡಿಗೆ ಹಿಂದಿರುಗಿಸುವಂತೆಯೂ ಇಲ್ಲ.

ಬರೆಯುವ ಹಂತ

ಮೂಲ ಕೋಡಿಂಗ್ ಅನ್ನು ಓದಿ ಉಳಿಸಿಕೊಳ್ಳದೆ ಒಂದು ಅಕ್ಷರವನ್ನೂ ಬದಲಿಸಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರಿಣಾಮ ನೋಡಿ, ನಂತರ ಮುಂದಿನದಕ್ಕೆ ಹೋಗಿ. ಸಾಮಾನ್ಯ ಚಾರ್ಜರ್ ಇದಕ್ಕೆ ಸಾಲದು. 13ರಿಂದ 14 ವೋಲ್ಟಿನ ನಡುವೆ ಅಲುಗದೆ ನಿಲ್ಲುವ ವಿದ್ಯುತ್ ಮೂಲವನ್ನು ಜೋಡಿಸಿ, ದೀಪ, ಫ್ಯಾನ್, ಎಸಿ ಎಲ್ಲ ಆರಿಸಿ, ಲ್ಯಾಪ್‌ಟಾಪ್ ನಿದ್ರೆಗೆ ಜಾರದಂತೆ ವ್ಯವಸ್ಥೆ ಮಾಡಿ.

ಭದ್ರತಾ ಪ್ರವೇಶದಲ್ಲಿ ತಡೆ ಬಂದರೆ ಘಟಕ ಕಾರಣವನ್ನೂ ಹೇಳುತ್ತದೆ. ಯುಡಿಎಸ್‌ನಲ್ಲಿ ಸ್ಕ್ಯಾನರ್ ಒಂದು ಬೀಜಸಂಖ್ಯೆ ಕೇಳಿ ಪಡೆದು, ಅದಕ್ಕೆ ಸರಿಯಾದ ಕೀಲಿಸಂಖ್ಯೆಯನ್ನು ಹಿಂದಿರುಗಿಸಬೇಕು. ನಿರಾಕರಣೆ 33 ಎಂದರೆ ಇನ್ನೂ ಪ್ರವೇಶ ಪಡೆದಿಲ್ಲ, 35 ಎಂದರೆ ಕೀಲಿಸಂಖ್ಯೆ ತಪ್ಪು, 36 ಎಂದರೆ ಪ್ರಯತ್ನಗಳ ಮಿತಿ ಮೀರಿದೆ, 37 ಎಂದರೆ ಕಾಯುವ ಅವಧಿ ಮುಗಿದಿಲ್ಲ. ಕೊನೆಯ ಎರಡರಲ್ಲಿ ಮಾಡಬೇಕಾದದ್ದು ಕಾಯುವುದು ಮಾತ್ರ. ಹಲವು ಹಳೆಯ ವ್ಯವಸ್ಥೆಗಳಲ್ಲಿ ಇದು 10 ನಿಮಿಷ, ಮತ್ತು ಇಗ್ನಿಷನ್ ಆನ್ ಆಗಿಯೇ ಇರಬೇಕು. ತಾಳ್ಮೆಗೆಟ್ಟು ಬ್ಯಾಟರಿ ಕಳಚಿದರೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗಬಹುದು. ಈಚಿನ ವಾಹನಗಳಲ್ಲಿ ಭದ್ರತಾ ಗೇಟ್‌ವೇ ಇದ್ದು, ತಯಾರಕರ ಸರ್ವರಿನಲ್ಲಿ ನೋಂದಾಯಿತ ಸ್ಕ್ಯಾನರಿಗೆ ಮಾತ್ರ ಬರೆಯಲು ಬಿಡುತ್ತದೆ. 2020ರ ಯುಡಿಎಸ್ ಆವೃತ್ತಿ ಇದಕ್ಕಾಗಿಯೇ 29 ಎಂಬ ದೃಢೀಕರಣ ಸೇವೆಯನ್ನು ಸೇರಿಸಿತು. ಅಂಥಲ್ಲಿ ಕೋಡ್ ಓದಲು ಬಂದರೂ ಅಳಿಸಲು ಬಾರದಿದ್ದರೆ ಸ್ಕ್ಯಾನರ್ ಕೆಟ್ಟಿಲ್ಲ.

ಕೀ ಕಲಿಸುವ ಮೊದಲು ಮಾಲೀಕರ ಬಳಿ ಇರುವ ಎಲ್ಲ ಕೀಗಳನ್ನೂ, ವಾಹನದ ದಾಖಲೆಗಳನ್ನೂ ತರಿಸಿ. ದಾಖಲೆಯಿಲ್ಲದ ವಾಹನಕ್ಕೆ ಕೀ ಮಾಡಿಕೊಡುವುದು ಈ ವ್ಯವಸ್ಥೆ ಯಾರ ರಕ್ಷಣೆಗಾಗಿ ಇದೆಯೋ ಅವರಿಗೇ ಮಾಡುವ ದ್ರೋಹ. ಎಲ್ಲ ಕೀಗಳು ಏಕೆಂದರೆ, ಹಲವು ವ್ಯವಸ್ಥೆಗಳಲ್ಲಿ ಕಲಿಸುವ ಕ್ರಮ ಆರಂಭವಾದೊಡನೆ ಹಳೆಯ ಪಟ್ಟಿ ಅಳಿದುಹೋಗುತ್ತದೆ. ಮನೆಯಲ್ಲಿ ಉಳಿದ ಕೀ ಅಂದಿನಿಂದ ಬಾಗಿಲು ತೆರೆಯಲು ಮಾತ್ರ ಲಾಯಕ್ಕು. ಇಸಿಎಂ ತಂತ್ರಾಂಶದಲ್ಲಿ ಇಮೊಬಿಲೈಸರನ್ನೇ ತೆಗೆದುಹಾಕಿಕೊಡುವ ಬೇಡಿಕೆಯೂ ಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ತುಂಡಾದ ತಂತಿ ಅಲ್ಲೇ ಉಳಿಯುತ್ತದೆ, ವಾಹನಕ್ಕೆ ಕಾವಲು ಇಲ್ಲದಂತಾಗುತ್ತದೆ, ಮತ್ತು ಮುಂದೆ ಇದೇ ವಾಹನದಲ್ಲಿ ದೋಷ ಹುಡುಕುವವರಿಗೆ ಸರಪಳಿಯ ಒಂದು ಕೊಂಡಿ ಸುಳ್ಳು ಹೇಳುತ್ತಿರುತ್ತದೆ.

ಕೆಲಸ ಮುಗಿದ ಮೇಲೆ ಕೋಡ್‌ಗಳನ್ನು ಅಳಿಸಿ, ವಾಹನವನ್ನು ಬೀಗ ಹಾಕಿ ಅರ್ಧ ಗಂಟೆಯಾದರೂ ಬಿಡಿ, ಘಟಕಗಳೆಲ್ಲ ನಿದ್ರೆಗೆ ಹೋಗಲಿ. ಆಮೇಲೆ ಪ್ರತಿ ಕೀಯಿಂದಲೂ ಪ್ರತ್ಯೇಕವಾಗಿ, ಉಳಿದ ಕೀಗಳನ್ನು ದೂರವಿಟ್ಟು, ಸ್ಟಾರ್ಟ್ ಮಾಡಿ ನೋಡಿ. ಎಲ್ಲ ಘಟಕಗಳನ್ನೂ ಇನ್ನೊಮ್ಮೆ ಓದಿ, ಕಲಿತ ಕೀಗಳ ಸಂಖ್ಯೆಯನ್ನೂ ಹಳೆಯ ಮತ್ತು ಹೊಸ ಕೋಡಿಂಗ್ ಎರಡನ್ನೂ ಜಾಬ್ ಕಾರ್ಡಿನಲ್ಲಿ ಬರೆದಿಟ್ಟು, ಅದರ ಒಂದು ಪ್ರತಿಯನ್ನು ಮಾಲೀಕರಿಗೆ ಕೊಡಿ.